ಆರನೇ ಕೋಣೆಯ ಪದಚೀಟಿಗಳು

ತಾರ್ನುವ್, ಪೋಲೆಂಡ್
3 ಮಾರ್ಚ್ 1985

ಪ್ರೀತಿಯ ಲಖ್ದರ್,

ನಾನು ಗೇನ್ಯಾ ಚಿಕ್ಕಮ್ಮ. ಭಾಷಾಶಾಲೆಯ ಬಾಗಿಲಲ್ಲಿ ನಿಮ್ಮೆಲ್ಲರ ಕೋಟು ಇಸಿದುಕೊಂಡು, ಕೊಕ್ಕೆಗೆ ಹಾಕಿ, ನಂಬರಿನ ಬಿಲ್ಲೆ ಕೊಡುತ್ತಿದ್ದವಳು. ನೀನು ನಮ್ಮೂರಿಗೆ ಬಂದ ಮೊದಲ ಚಳಿಗಾಲ ಕೋಟು ಬಿಚ್ಚುವುದೇ ಇಲ್ಲ ಎಂದು ನನ್ನ ಹತ್ತಿರ ಜಗಳವಾಡಿದ್ದೆ. ಈಗ ನೆನಪಾಗಿರಬೇಕು. ನನ್ನ ಅಕ್ಷರ ನೋಡಿ ನಗಬೇಡ. ನಾನು ನಾಲ್ಕನೇ ಕ್ಲಾಸಿಗೆ ಕಾಲಿಟ್ಟಾಗ ಯುದ್ಧ ಬಂತು, ಶಾಲೆ ಮುಚ್ಚಿತು. ಮತ್ತೆ ತೆರೆಯುವ ಹೊತ್ತಿಗೆ ನಾನು ಬೀಟ್‌ರೂಟ್ ಹೊಲದಲ್ಲಿದ್ದೆ. ಈ ಪತ್ರವನ್ನು ಬರೆಯುತ್ತಿರುವುದು ಇದು ಮೂರನೇ ಸಲ. ಹಿಂದಿನ ಎರಡರಲ್ಲೂ ಹವೆಯ ಬಗ್ಗೆ ಬರೆದು ಬರೆದು ಹಾಳೆ ಮುಗಿಸಿಬಿಟ್ಟೆ.

ಪ್ರೊಫೆಸರ್ ಗ್ರೊದೆಕ್ ಹೋಗಿಬಿಟ್ಟರು. ಫೆಬ್ರವರಿ ಒಂಬತ್ತು, ಶನಿವಾರ ಬೆಳಿಗ್ಗೆ. ಶ್ವಾಸಕೋಶ. ಮಣ್ಣು ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಎರಡು ದಿನ ತೆಗೆದುಕೊಂಡರು. ನಿನ್ನ ಪರವಾಗಿ ಹೂವಿಟ್ಟೆ. ನಿನ್ನನ್ನು ಕೇಳದೆ ಇಟ್ಟೆ, ತಪ್ಪಾಗಿದ್ದರೆ ಕ್ಷಮಿಸು.

ಆಸ್ಪತ್ರೆಗೆ ನಾನು ದಿನಾ ಸಾರು ತೆಗೆದುಕೊಂಡು ಹೋಗುತ್ತಿದ್ದೆ, ಅವರಿಗೆ ಬೇರೆ ಯಾರಿದ್ದಾರೆ. ಕೊನೆಯ ಗುರುವಾರ ಅವರು ನನ್ನ ಕೈ ಹಿಡಿದುಕೊಂಡು, "ಗೇನ್ಯಾ, ನನ್ನ ಪದಚೀಟಿಗಳನ್ನ ಲಖ್ದರ್ ಕೈಗೇ ಕೊಡಿ. ಅಂಚೆಗೆ ಹಾಕಬೇಡಿ. ಅಂಚೆಗೆ ಹಾಕಿದ್ರೆ ಯಾವುದೋ ಕಚೇರಿಯವರು ಅನುಮತಿ ಇಲ್ಲ ಅಂತ ಹಿಡಿದಿಟ್ಕೋತಾರೆ" ಅಂದರು.

"ಪ್ರೊಫೆಸರೇ, ನಾನು ಕೋಟು ಕಾಯೋಳು. ಇಷ್ಟು ದೊಡ್ಡ ಕೆಲಸ ನನಗೆ ಹೇಳ್ತೀರಾ?"

"ಇಪ್ಪತ್ತೆರಡು ವರ್ಷದಲ್ಲಿ ನೀವು ಒಂದು ಕೈಗವಸು ಕಳೆದಿಲ್ಲ. ಮಿಕ್ಕೋರು ಮನುಷ್ಯರನ್ನೇ ಕಳೆದುಬಿಡ್ತಾರೆ."

ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಚೀಟಿಗಳೆಲ್ಲ ಆರನೇ ಕೋಣೆಯಲ್ಲಿ, ಓಕ್ ಮರದ ಬೀರುವಿನ ಇಪ್ಪತ್ನಾಲ್ಕು ಖಾನೆಗಳಲ್ಲಿ ಇವೆ. ಚೀಟಿಯ ಒಂದು ಮಗ್ಗುಲಲ್ಲಿ ನಮ್ಮ ಪೋಲಿಷ್ ಮಾತು, ಇನ್ನೊಂದು ಮಗ್ಗುಲಲ್ಲಿ ನಿಮ್ಮ ಅನ್ನಾಬಾ ಊರಿನ ಬಂದರಿನಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಜನ ಆಡುವ ಮಾತು. ಹತ್ತೊಂಬತ್ತು ವರ್ಷ ಕೂಡಿಸಿದ್ದು. ಅಚ್ಚಾಗಿರುವುದು ನಿಘಂಟಿನ ಮೊದಲ ಸಂಪುಟ ಮಾತ್ರ. ಉಳಿದದ್ದಕ್ಕೆಲ್ಲ ಆ ಚೀಟಿಗಳೇ ಗತಿ, ಬೇರೆ ಪ್ರತಿ ಇಲ್ಲ. ಇವು ನಿನ್ನ ಅಧ್ಯಯನದ ಕಾಗದಗಳು ಎಂದು ಅವರು ಸಹಿ ಹಾಕಿಕೊಟ್ಟ ಪತ್ರ ನನ್ನ ಹತ್ತಿರ ಇದೆ. ಗಡಿಯಲ್ಲಿ ತೋರಿಸಿದರೆ ಬಿಡುತ್ತಾರಂತೆ.

ಯಾವಾಗ ಬರುತ್ತೀಯ? ತಾರೀಕು ಹಾಕಿ ಬರೆ. ತಾರೀಕು ಇಲ್ಲದ ಮಾತು ನನಗೆ ಹಿಡಿಸುವುದಿಲ್ಲ.

ಗೇನ್ಯಾ


ಅನ್ನಾಬಾ, ಅಲ್ಜೀರಿಯಾ
29 ಮಾರ್ಚ್ 1985

ಗೇನ್ಯಾ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ಬಂತು. ಅಮ್ಮನಿಗೆ ಓದಿ ಹೇಳಿದೆ. ಪ್ರೊಫೆಸರ್ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಅವಳ ಹತ್ತಿರ ಮೀನಿನ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರಲ್ಲ, ಅದನ್ನು ಅವಳು ಮರೆತಿಲ್ಲ. "ಆ ಮನುಷ್ಯ ಒಂದೇ ಮೀನಿಗೆ ನನ್ನ ಬಾಯಿಂದ ನಾಲ್ಕು ಹೆಸರು ಕಕ್ಕಿಸಿದ. ಐದನೇದು ನೆನಪಾಗೋ ಹೊತ್ತಿಗೆ ಹಡಗು ಹತ್ತಿಬಿಟ್ಟಿದ್ದ" ಅಂದಳು. ಆಮೇಲೆ ತಲೆವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು.

ಹೂವಿಟ್ಟದ್ದಕ್ಕೆ ನಾನು ನಿಮಗೆ ಋಣಿ. ಕೇಳಬೇಕಿತ್ತೇ?

ಜುಲೈಯಲ್ಲಿ ನನಗೆ ರಜೆ, ಆಗ ಖಂಡಿತ ಬರುತ್ತೇನೆ. ಇಲ್ಲಿ ನನ್ನ ಪೋಲಿಷ್ ತರಗತಿ ಚೆನ್ನಾಗಿ ನಡೆಯುತ್ತಿದೆ, ಸಂಜೆ ಹದಿನೆಂಟು ಮಂದಿ ಬರುತ್ತಾರೆ. ಎರಡನೇ ಸಂಪುಟವನ್ನು ನಾನೇ ಮುಗಿಸುತ್ತೇನೆ ಎಂದು ಪ್ರೊಫೆಸರಿಗೆ ಮಾತು ಕೊಟ್ಟಿದ್ದೇನೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಿ.

ನಿಮ್ಮ ಲಖ್ದರ್


ತಾರ್ನುವ್
6 ಮೇ 1985

ಪ್ರೀತಿಯ ಲಖ್ದರ್,

ನೀನು ನಿದ್ದೆ ಮಾಡು ಅಂದೆ, ನಿದ್ದೆ ಎಲ್ಲಿಂದ ಬರಬೇಕು. ಕೇಳು. ನಮ್ಮ ಡೈರೆಕ್ಟರ್ ಪಾವ್ಲಿಕ್ ಸಾಹೇಬರು ಕೋಟಿನ ಕಟ್ಟೆಯ ಹತ್ತಿರ ಬಂದು ನಿಂತು ನಗುನಗುತ್ತ ಹೇಳಿದರು:

"ಗೇನ್ಯಾ, ಒಳ್ಳೇ ಸುದ್ದಿ. ಆರನೇ ಕೋಣೆಗೆ ಪ್ರೊಫೆಸರ್ ಹೆಸರಿಡ್ತೀವಿ. ವರ್ಷ ತುಂಬೋ ಹೊತ್ತಿಗೆ ಒಂದು ಸಭೆ, ಗೋಡೆಗೆ ಹಿತ್ತಾಳೆ ಫಲಕ. ಸಚಿವಾಲಯದೋರು ಬರ್ತಾರೆ."

"ದೇವರು ಒಳ್ಳೇದು ಮಾಡ್ಲಿ. ಮತ್ತೆ ಚೀಟಿಗಳು?"

"ಬೀರು ಇರ್ಲಿ. ಓಕ್ ಮರ, ಮೆರುಗು ಹಾಕಿಸಿದ್ರೆ ಕಣ್ಣಿಗೆ ಹೊಡೆಯುತ್ತೆ. ಮೆರುಗು ಹಾಕೋರು ಖಾನೆ ಖಾಲಿ ಬೇಕು ಅಂತಾರೆ. ಚೀಟಿ ಕೆಳಗೆ ಬಾಯ್ಲರ್ ಕೋಣೆಗೆ ಹೋಗ್ಲಿ."

"ಅಲ್ಲಿ ನೀರು ನಿಲ್ಲುತ್ತೆ ಸಾಹೇಬ್ರೇ."

"ನೀವು ಕೋಟು ನೋಡ್ಕೊಳ್ಳಿ. ಕೋಟಿನ ವಿಷಯಕ್ಕೆ ನಾನು ಯಾವತ್ತಾದ್ರೂ ಬಾಯಿ ಹಾಕಿದೀನಾ?"

ಅದು ನಿಜ, ಹಾಕಿಲ್ಲ. ಆದರೆ ಚೀಟಿಗಳನ್ನು ಬಾಯ್ಲರ್ ಕೋಣೆಗೆ ಬಿಡುವ ಹಾಗಿರಲಿಲ್ಲ. ಮನೆಗೆ ಒಯ್ಯೋಣ ಅಂದರೆ ಗೇಟಿನವನು ಚೀಲ ತೆಗೆಸಿ ನೋಡುತ್ತಾನೆ. ಒಯ್ದರೂ ನನ್ನದು ನೆಲಮಾಳಿಗೆ ಕೋಣೆ, ಮಾರ್ಚ್‌ನಿಂದ ಗೋಡೆ ಬೆವರುತ್ತದೆ. ಅದಕ್ಕೆ ಹೀಗೆ ಮಾಡಿದೆ. ಹಾಸ್ಟೆಲಿನ ಹಳೇ ಪರದೆ ಕತ್ತರಿಸಿ ಇಪ್ಪತ್ನಾಲ್ಕು ಚೀಲ ಹೊಲಿದೆ, ಮಕ್ಕಳು ಶಾಲೆಯೊಳಗೆ ಮೆಟ್ಟುವ ಚಪ್ಪಲಿ ತುಂಬಿಕೊಂಡು ಹೋಗುತ್ತಾರಲ್ಲ, ಆ ತರಹದ್ದು. ಒಂದು ಖಾನೆಗೆ ಒಂದು ಚೀಲ. ಚೀಟಿಗಳ ಸಾಲು ಕೆಡದ ಹಾಗೆ ದಾರ ಕಟ್ಟಿ ತುಂಬಿದೆ. ಕೋಟಿನ ಕಟ್ಟೆಯ ಹಿಂದಿನ ಸಾಲಿನಲ್ಲಿ ಎಪ್ಪತ್ತೇಳರಿಂದ ನೂರರವರೆಗಿನ ಕೊಕ್ಕೆಗಳಿಗೆ ತೂಗುಹಾಕಿದ್ದೇನೆ. ಬೇಸಿಗೆಯಲ್ಲಿ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಗಾಳಿ ಇದೆ, ನೀರಿಲ್ಲ, ಇಲಿ ಹತ್ತುವುದಿಲ್ಲ. ಡೈರೆಕ್ಟರಿಗೆ ಬಾಯ್ಲರ್ ಕೋಣೆಗೆ ಇಳಿಸಿದೆ ಅಂದೆ.

ಆ ಇಪ್ಪತ್ನಾಲ್ಕು ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿ ರಿಜಿಸ್ಟರ್ ಅಂಚೆಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ನಮ್ಮ ಕಟ್ಟಳೆ ನಿನಗೆ ಗೊತ್ತಲ್ಲ. ಬಿಲ್ಲೆ ತಂದವನಿಗೆ ವಸ್ತು, ಬಿಲ್ಲೆ ಇಲ್ಲದೆ ಮಂತ್ರಿ ಬಂದರೂ ಬರಿಗೈ. ಹೀಗಾಗಿ ಅದು ಈಗ ಲೆಕ್ಕದ ಪ್ರಕಾರ ನಿನ್ನದು. ಬಿಲ್ಲೆ ದೇಶದಾಚೆ ಕಳಿಸುವುದು ಅಪರಾಧವೋ ಏನೋ, ಯಾರನ್ನು ಕೇಳಲಿ. ಬೇಗ ಬಾ.

ಗೇನ್ಯಾ


ಅನ್ನಾಬಾ
18 ಜೂನ್ 1985

ಚಿಕ್ಕಮ್ಮಾ,

ಬಿಲ್ಲೆಗಳು ಬಂದವು. ಅಂಚೆ ಕಚೇರಿಯಲ್ಲಿ ಪೊಟ್ಟಣ ಬಿಚ್ಚಿಸಿದ ಗುಮಾಸ್ತ, "ಏನಪ್ಪಾ ಇದು, ಇಪ್ಪತ್ನಾಲ್ಕು ನಾಯಿ ಸಾಕಿದೀಯಾ?" ಅಂದ. ಕೋಟಿನದು ಅಂದೆ. "ಇಪ್ಪತ್ನಾಲ್ಕು ಕೋಟು ಇರೋನು ಈ ಸಾಲಲ್ಲಿ ಯಾಕೆ ನಿಂತಿದೀಯಾ ಮಾರಾಯಾ!" ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಬಹಳ ದಿನಗಳ ಮೇಲೆ.

ನೀವು ಮಾಡಿದ ಉಪಾಯ ಪ್ರೊಫೆಸರಿಗೂ ಹೊಳೆಯುತ್ತಿರಲಿಲ್ಲ. ಆದರೆ ಜುಲೈಯಲ್ಲಿ ನನಗೆ ಬರಲಾಗುವುದಿಲ್ಲ. ಪಾಠಗಳು ಹೆಚ್ಚಾಗಿವೆ, ರಜೆ ಮುಂದಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಲಖ್ದರ್


ತಾರ್ನುವ್
15 ಜುಲೈ 1985

ಪ್ರೀತಿಯ ಲಖ್ದರ್,

ಬೇಸರ ಯಾಕೆ, ನನಗೆ ಹೆಮ್ಮೆ. ಹದಿನೆಂಟು ಮಂದಿ ಈಗ ಇನ್ನೂ ಹೆಚ್ಚಾಗಿದ್ದಾರೆ ಅಂತಾಯಿತು. ಭಾನುವಾರ ಸಮಾಧಿಗೆ ಹೋಗಿ ಪ್ರೊಫೆಸರಿಗೂ ಹೇಳಿ ಬಂದೆ, ಲಖ್ದರ್ ಕ್ಲಾಸಿನಲ್ಲಿ ಕೂರಲು ಜಾಗ ಇಲ್ಲವಂತೆ ಅಂತ. ನಿನ್ನನ್ನು ಅವಸರ ಮಾಡಿ ಆ ಮಕ್ಕಳ ಪಾಠ ಕೆಡಿಸಿದರೆ ಆ ಪಾಪ ನನಗೇ.

ಇಲ್ಲಿ ಹೊಸಬಳು ಬಂದಿದ್ದಾಳೆ, ಬೊಗ್ನಾ ಅಂತ, ಬಸ್ ಕಂಡಕ್ಟರನ ಹೆಂಡತಿ, ನಲವತ್ತು ದಾಟಿದೆ. ನನಗೆ ಜೊತೆಗಿರಲಿ ಎಂದು ಹಾಕಿದ್ದಾರೆ. ಒಳ್ಳೆಯವಳು, ಕೈ ಚುರುಕು, ಬಾಯಿ ಮಾತ್ರ ಲೌಡ್‌ಸ್ಪೀಕರ್. ಅದಕ್ಕೇ ಚೀಲಗಳ ವಿಷಯ ಅವಳಿಗೆ ಹೇಳಿಲ್ಲ. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಡೈರೆಕ್ಟರ್ ಕಿವಿಯಲ್ಲಿ ಇರುತ್ತದೆ. ಕಟ್ಟಳೆ ಮಾತ್ರ ಬಾಯಿಪಾಠ ಮಾಡಿಸಿದೆ. ಬಿಲ್ಲೆ ಇದ್ದರೆ ಕೊಡು, ಪ್ರಶ್ನೆ ಕೇಳಬೇಡ. ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಹೊಸ ವರ್ಷದ ಮಕ್ಕಳು ಬರುವ ಮೊದಲು ಕೊಕ್ಕೆ ಎಲ್ಲಾ ಖಾಲಿ. ಅಷ್ಟರೊಳಗೆ ಯಾರೂ ಬಂದು ಕೇಳದ್ದು ವಾರಸುದಾರರಿಲ್ಲದ್ದು. ಬಟ್ಟೆ ಇದ್ದರೆ ಚರ್ಚಿಗೆ, ಕಾಗದ ಇದ್ದರೆ ರದ್ದಿಗೆ. ಮೂರು ಸಲ ಹೇಳಿಸಿ ಒಪ್ಪಿಸಿಕೊಂಡೆ. ನೀನು ಹೆದರಬೇಡ, ಇಪ್ಪತ್ತೈದಕ್ಕೆ ನಾನೇ ಇರುತ್ತೇನಲ್ಲ, ನಮ್ಮ ಚೀಲಗಳನ್ನು ಆಚೆ ಇಟ್ಟುಕೊಳ್ಳುತ್ತೇನೆ.

ಹೊಟ್ಟೆ ಸ್ವಲ್ಪ ನೋಯುತ್ತಿದೆ. ಚೆರ್ರಿ ಹೆಚ್ಚು ತಿಂದೆ ಅನ್ನಿಸುತ್ತದೆ.

ಗೇನ್ಯಾ


ಅನ್ನಾಬಾ
4 ಸೆಪ್ಟೆಂಬರ್ 1985

ಚಿಕ್ಕಮ್ಮಾ,

ಆಗಸ್ಟಿನಲ್ಲಿ ನಿಮ್ಮ ಪತ್ರವೇ ಇಲ್ಲ. ಕ್ಷೇಮವೇ? ನನಗೆ ಸೆಪ್ಟೆಂಬರ್ ರಜೆಯೂ ಸಿಗಲಿಲ್ಲ. ಹೊಸ ಮೇಲಧಿಕಾರಿ, "ಪೋಲೆಂಡಿಗಾ? ಅಲ್ಲೇನು ನಿನ್ನ ಅತ್ತೆ ಮನೆ ಇದೆಯಾ?" ಎಂದು ಅರ್ಜಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ. ಅಕ್ಟೋಬರಿಗೆ ಮತ್ತೆ ಕೇಳುತ್ತೇನೆ. ದಯವಿಟ್ಟು ಇಪ್ಪತ್ತೈದನೇ ತಾರೀಕು ಮರೆಯಬೇಡಿ. ಮರೆಯುವವರಲ್ಲ ನೀವು, ಆದರೂ ಬರೆದೆ. ನಿಮ್ಮ ಅಂಜುಬುರುಕತನ ನನಗೂ ಅಂಟಿತು.

ಲಖ್ದರ್


ಅನ್ನಾಬಾ
6 ಅಕ್ಟೋಬರ್ 1985

ಚಿಕ್ಕಮ್ಮಾ, ಎರಡು ಸಾಲು ಸಾಕು. ಹುಷಾರಾಗಿದ್ದೀರಾ? ಚೀಲಗಳು ಎಲ್ಲಿವೆ?

ಲಖ್ದರ್


ತಾರ್ನುವ್
3 ನವೆಂಬರ್ 1985

ಲಖ್ದರ್,

ನಾನು ಆಸ್ಪತ್ರೆಯಲ್ಲಿದ್ದೆ. ಪಿತ್ತಕೋಶ ತೆಗೆದರು. ಒಂದು ವಾರ ಅಂದವರು ಒಂಬತ್ತು ವಾರ ಇಟ್ಟುಕೊಂಡರು, ಗಾಯ ಕೀವಾಯಿತು. ಈಗ ಮನೆಯಲ್ಲಿದ್ದೇನೆ.

ನೀನು ಅವಸರ ಮಾಡಬೇಡ. ಚಳಿಗಾಲದಲ್ಲಿ ಬರಲೇಬೇಡ, ರೈಲುಗಳು ಹಳಿಯ ಮೇಲೆ ನಿಂತುಬಿಡುತ್ತವೆ. ನಿನ್ನ ಕ್ಲಾಸು ನೋಡಿಕೋ, ಅದೇ ದೊಡ್ಡದು. ವಸಂತಕ್ಕೆ ನೋಡೋಣ. ಅದರ ಮುಂದಿನ ವಸಂತವಾದರೂ ಆದೀತು. ಕೆಲಸ ಬಿಟ್ಟುಬರುವಷ್ಟು ದೊಡ್ಡ ವಿಷಯ ಏನೂ ಇಲ್ಲ.

ಮೊನ್ನೆ ಸತ್ತವರ ಹಬ್ಬ. ಊರಿಗೆ ಊರೇ ದೀಪ ಹಿಡಿದುಕೊಂಡು ಸ್ಮಶಾನಕ್ಕೆ ಹೋಯಿತು. ನಾನು ಗೇಟಿನ ತನಕ ಹೋಗಿ ಬೆಂಚಿನ ಮೇಲೆ ಕೂತು ವಾಪಸು ಬಂದೆ. ಹೊಲಿಗೆ ಎಳೆಯುತ್ತಿತ್ತು. ಪ್ರೊಫೆಸರರ ಸಮಾಧಿಯ ದೀಪ ಬೇರೆಯವರ ಕೈಲಿ ಕಳಿಸಿದೆ.

ಗೇನ್ಯಾ


ಅನ್ನಾಬಾ
19 ಜನವರಿ 1986

ಪ್ರೀತಿಯ ಚಿಕ್ಕಮ್ಮಾ,

ನಿಮ್ಮ ನವೆಂಬರಿನ ಪತ್ರವನ್ನು ಎಷ್ಟು ಸಲ ಓದಿದೆನೋ. ತಾರೀಕು ಹಾಕಿ ಬರೆ ಎಂದು ಗದರಿಸುತ್ತಿದ್ದ ನೀವು ಅದರ ಮುಂದಿನ ವಸಂತ ಎನ್ನುತ್ತೀರಿ. ನನಗೆ ಅರ್ಥವಾಯಿತು. ನನ್ನ ಕ್ಲಾಸು ಕೆಡಬಾರದೆಂದು ನೀವು ಆ ಕಾಯಿಲೆ ಮೈಯಲ್ಲಿ ಚೀಲಗಳನ್ನು ಇನ್ನೂ ಕಾಯುತ್ತ ಕೂತಿದ್ದೀರಿ. ಇನ್ನು ಸುಳ್ಳು ಹೇಳಲು ನನಗೆ ನಾಚಿಕೆ.

ಕ್ಲಾಸು ಇಲ್ಲ ಚಿಕ್ಕಮ್ಮಾ. ಮೂರು ವರ್ಷದ ಹಿಂದೆಯೇ ಮುಚ್ಚಿತು. ಉಕ್ಕಿನ ಕಾರ್ಖಾನೆಯಲ್ಲಿದ್ದ ನಿಮ್ಮ ಕಡೆಯ ಎಂಜಿನಿಯರುಗಳು ಊರಿಗೆ ಹೊರಟುಹೋದ ಮೇಲೆ ಪೋಲಿಷ್ ಯಾರಿಗೆ ಬೇಕು? ಹದಿನೆಂಟು ಮಂದಿ ಇದ್ದದ್ದು ಮೊದಲ ವಾರ ಮಾತ್ರ. ಕೊನೆಗೆ ಉಳಿದವನು ಒಬ್ಬ, ಅವನೂ ಮಳೆ ಬಂದಾಗ ಒಳಗೆ ಬಂದು ಕೂರುತ್ತಿದ್ದ ಕಾವಲುಗಾರ. ನಾನು ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿದುಕೊಡುತ್ತೇನೆ. ಪ್ರೊಫೆಸರಿಗೂ ಇದನ್ನು ಬರೆದಿರಲಿಲ್ಲ. ಅವರು ಪ್ರತಿ ಪತ್ರದಲ್ಲೂ ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು, ನಾನು ಹೆಸರುಗಳನ್ನು ಹುಟ್ಟಿಸಿ ಬರೆಯುತ್ತಿದ್ದೆ.

ಮೂರನೇ ಸಲವೂ ರಜೆ ಕೊಡಲಿಲ್ಲ. ಹೋದ ವಾರ ಕೆಲಸ ಬಿಟ್ಟೆ. "ಕಾಗದದ ಚೂರಿಗೋಸ್ಕರ ಅನ್ನ ಬಿಡ್ತೀಯಾ?" ಎಂದು ಮೇಲಧಿಕಾರಿ ಕೇಳಿದ. ಹೌದು ಅಂದೆ. ಮನೆಗೆ ಬಂದು ಹೇಳಿದರೆ ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ನನ್ನ ಅಂಗಿಗಳನ್ನು ಇಸ್ತ್ರಿ ಮಾಡಿದಳು.

ಜನವರಿ ಮೂವತ್ತಕ್ಕೆ ಹಡಗು, ಆಮೇಲೆ ಮಾರ್ಸೇಯಿಂದ ರೈಲು. ದಾರಿಯಲ್ಲಿ ಎರಡು ಕಡೆ ಹಳೇ ಗೆಳೆಯರ ಮನೆಯಲ್ಲಿ ಉಳಿಯುತ್ತೇನೆ. ಫೆಬ್ರವರಿ ಒಂಬತ್ತು, ಭಾನುವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಕ್ರಾಕುವ್ ಕಡೆಯಿಂದ ಬರುವ ಗಾಡಿಯಲ್ಲಿ ಇಳಿಯುತ್ತೇನೆ. ನೋಡಿ, ತಾರೀಕು ಮಾತ್ರ ಅಲ್ಲ, ನಿಮಿಷವನ್ನೂ ಹಾಕಿದ್ದೇನೆ. ನನಗೆ ಈಗ ಮಾಡಲು ಉಳಿದಿರುವ ಕೆಲಸ ಆ ಚೀಟಿಗಳು ಮಾತ್ರ. ಅವು ಇವೆಯಲ್ಲ, ಆದ್ದರಿಂದ ನನಗೆ ಹೆದರಿಕೆ ಇಲ್ಲ.

ಲಖ್ದರ್


ತಾರ್ನುವ್ ರೈಲು ನಿಲ್ದಾಣ
9 ಫೆಬ್ರವರಿ 1986, ಬೆಳಿಗ್ಗೆ
(ಕೈಗೆ ಕೊಡುವುದು)

ಲಖ್ದರ್,

ನೀನು ಇದನ್ನು ಓದುವಾಗ ನಾನು ನಿನ್ನ ಎದುರಿಗೇ ಇರುತ್ತೇನೆ. ಬಾಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೆ ಬರೆದು ಕೊಡುತ್ತಿದ್ದೇನೆ. ಬೆಂಚಿನ ಮೇಲೆ ಕೂತು ಓದು.

ಚೀಟಿಗಳು ಇಲ್ಲ.

ನಿನ್ನ ಪತ್ರ ನನಗೆ ಸೇರಿದ್ದು ಫೆಬ್ರವರಿ ಮೂರಕ್ಕೆ. ಓಡಿಹೋಗಿ ಬರಬೇಡ ಎಂದು ತಂತಿ ಕೊಟ್ಟೆ. ನಿಮ್ಮ ಅಮ್ಮನಿಂದ ಉತ್ತರ ಬಂತು, ಮಗ ಹೊರಟಾಯಿತು, ಅವನಿಗೆ ಬಿಸಿ ಏನಾದರೂ ಕೊಡಿ ಅಂತ. ಅದನ್ನು ಮಡಿಸಿ ಇಟ್ಟುಕೊಂಡು, ಫ್ಲಾಸ್ಕು ಹುಡುಕಲು ಮನೆಗೆ ಬಂದೆ.

ಆಗಸ್ಟ್ ಹದಿನೇಳಕ್ಕೆ ನಾನು ಕೆಲಸದ ಜಾಗದಲ್ಲೇ ಬಿದ್ದೆ. ಅಲ್ಲಿಂದಲೇ ಎತ್ತಿಕೊಂಡು ಹೋದರು. ಆಸ್ಪತ್ರೆಯಿಂದ ಬೊಗ್ನಾಗೆ ಹೇಳಿಕಳಿಸಬಹುದಿತ್ತು. ಅವಳು ಸೇಬಿನ ಹಣ್ಣು ತೆಗೆದುಕೊಂಡು ಎರಡು ಸಲ ನೋಡಲು ಬಂದಿದ್ದಳು. ಎರಡು ಸಲವೂ ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಡೈರೆಕ್ಟರಿಗೆ ಗೊತ್ತಾಗುತ್ತದೆ, ಇಪ್ಪತ್ತೈದರೊಳಗೆ ಎದ್ದುಬಿಡುತ್ತೇನೆ ಎಂದುಕೊಂಡೆ. ಇಪ್ಪತ್ತೈದಕ್ಕೆ ನನಗೆ ಜ್ವರದಲ್ಲಿ ಮೈಮೇಲೆ ಎಚ್ಚರ ಇರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಕೋಲು ಊರಿಕೊಂಡು ಶಾಲೆಗೆ ಹೋದೆ. ಬೊಗ್ನಾ ನನ್ನನ್ನು ನೋಡಿ ಓಡಿಬಂದಳು.

"ಗೇನ್ಯಕ್ಕಾ! ನೀವು ಹೇಳಿದ್ದು ಒಂದಕ್ಷರ ಬಿಟ್ಟಿಲ್ಲ ನೋಡಿ. ಇಪ್ಪತ್ತೈದಕ್ಕೇ ಕೊಕ್ಕೆ ಎಲ್ಲಾ ಖಾಲಿ!"

"ಹಿಂದಿನ ಸಾಲಲ್ಲಿ ಚೀಲ ಇತ್ತಲ್ಲ?"

"ಅಯ್ಯೋ, ಅದೊಂದು ಕಥೆ. ಯಾವ ಹುಡುಗರು ಬಿಟ್ಟುಹೋದ್ರೋ, ಬಿಲ್ಲೆ ಎಲ್ಲಾ ಕಳೆದುಹಾಕಿದಾರೆ, ಕೇಳೋರೇ ಇಲ್ಲ. ಬಿಚ್ಚಿ ನೋಡಿದ್ರೆ ಬರೀ ಗೀಚಿದ ಕಾಗದದ ಚೂರು. ಬಟ್ಟೆ ಚರ್ಚಿಗೆ ಕೊಟ್ಟೆ. ಕಾಗದ ನನ್ನ ಗಂಡ ಕೈಗಾಡೀಲಿ ರದ್ದಿಗೆ ಎಳೆದ. ನೂರಹತ್ತು ಕಿಲೋ ತೂಗ್ತು ಅಕ್ಕಾ! ದುಡ್ಡಿನ ಬದಲು ಹನ್ನೊಂದು ಸುರುಳಿ ಕಕ್ಕಸಿನ ಕಾಗದ ಕೊಟ್ರು, ಅಂಗಡೀಲಿ ಅದು ಸಿಗೋದೇ ಇಲ್ವಲ್ಲ. ನಾನು ಒಂದೂ ಮುಟ್ಟಿಲ್ಲ, ಹನ್ನೊಂದೂ ನಿಮಗೇ. ಆಸ್ಪತ್ರೆಯಿಂದ ಬಂದೋರು ಎಲ್ಲಿ ಹೋಗಿ ಸಾಲಲ್ಲಿ ನಿಲ್ತೀರಾ ಅಂತ."

ದಾರಕ್ಕೆ ಪೋಣಿಸಿ, ಹಾರದ ಹಾಗೆ ನನ್ನ ಕೊರಳಿಗೆ ಹಾಕಿದಳು. ನಾನು "ದೇವರು ನಿನ್ನ ಚೆನ್ನಾಗಿಟ್ಟಿರಲಿ" ಅಂದೆ. ಇನ್ನೇನು ಅನ್ನಲಿ? ನಾನೇ ಕಲಿಸಿದ್ದು. ಮೂರು ಸಲ ಒಪ್ಪಿಸಿಕೊಂಡಿದ್ದೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ರದ್ದಿಯವನ ಹತ್ತಿರ ಹೋದೆ. ಸೆಪ್ಟೆಂಬರಿನ ಕಾಗದ, ಸಣ್ಣ ಸಣ್ಣ ಚೀಟಿ, ಕೈಬರಹ ಅಂದೆ. ಅವನು ನನ್ನ ಕೋಲು ನೋಡಿ ಸ್ಟೂಲು ಕೊಟ್ಟ. "ಅಮ್ಮಾ, ಅದು ಗಿರಣಿಗೆ ಹೋಗಿ, ನೆಂದು, ಬೆಂದು, ಇಷ್ಟು ಹೊತ್ತಿಗೆ ಸುರುಳಿಯಾಗಿ ಯಾರದೋ ಮನೆ ಸೇರಿರುತ್ತೆ" ಅಂದ. ಒಳ್ಳೆಯ ಮನುಷ್ಯ. ಆದರೂ ಗೋದಾಮಿನ ಮೂಲೆ ಎಲ್ಲ ತೋರಿಸಿದ. ಒಂದೇ ಒಂದು ಚೀಟಿ ಸಿಗಲಿಲ್ಲ.

ಆಮೇಲೆ ನಿನಗೆ ಆರು ಪತ್ರ ಬರೆದು ಹರಿದುಹಾಕಿದೆ. ಅಂಚೆಗೆ ಹಾಕಿದ್ದು ನವೆಂಬರಿನ ಆ ಏಳನೆಯದು, ಸುಳ್ಳಿನದು. ನಿನಗೆ ದೊಡ್ಡ ಕ್ಲಾಸಿದೆ, ಮಕ್ಕಳಿದ್ದಾರೆ, ನಿಧಾನವಾಗಿ ಮರೆಯುತ್ತೀಯ ಅಂದುಕೊಂಡೆ. ಅದನ್ನು ನಂಬಿ ಸುಳ್ಳು ಬರೆದೆ. ಸ್ಮಶಾನದ ಗೇಟಿನಿಂದ ವಾಪಸು ಬಂದದ್ದು ಹೊಲಿಗೆಯಿಂದಲ್ಲ. ಒಂದು ಕೈಗವಸು ಕಳೆಯದವಳು ಎಂದವರ ಮುಂದೆ ಹೇಗೆ ಹೋಗಿ ನಿಲ್ಲಲಿ?

ಇನ್ನೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ನಾಳೆ ಹನ್ನೊಂದು ಗಂಟೆಗೆ ಆರನೇ ಕೋಣೆಗೆ ಹೆಸರಿಡುತ್ತಾರೆ. ಬೀರು ಕನ್ನಡಿಯ ಹಾಗೆ ಹೊಳೆಯುತ್ತಿದೆ. ನೀನು ಬರುವ ಸುದ್ದಿ ಹೇಳಿದೆ, ಹೇಳಬಾರದಿತ್ತೇನೋ. ಡೈರೆಕ್ಟರ್ ಕುಣಿದಾಡಿದರು. "ಅಲ್ಜೀರಿಯಾದಿಂದಲೇ? ಮೊದಲ ಸಾಲಲ್ಲಿ ಕೂರಿಸಿ! ಅವರು ಖಾನೆ ಎಳೆದು ಒಂದು ಚೀಟಿ ಓದ್ಲಿ, ಫೋಟೋ ಚೆನ್ನಾಗಿ ಬರುತ್ತೆ."

"ಖಾನೆಯಲ್ಲಿ ಏನೂ ಇಲ್ಲ ಸಾಹೇಬ್ರೇ."

"ಅದಕ್ಕೇನಂತೆ. ನಾಲ್ಕು ಚೀಟಿ ಹೊಸದಾಗಿ ಬರೆದು ಇಟ್ಟರಾಯ್ತು. ಅವರಿಗೇ ಹೇಳೋಣ, ಶಿಷ್ಯರಲ್ವಾ."

ನಿನಗೆ ಹೇಳುವುದು ನನ್ನ ಪಾಲಿಗೆ ಬಂತು. ಖಾಲಿ ಚೀಟಿ ನಾಲ್ಕು ನನ್ನ ಕೈಗೆ ಕೊಟ್ಟಿದ್ದಾರೆ. ಬರೆ ಅನ್ನುವುದಕ್ಕೂ ನನಗೆ ಬಾಯಿಲ್ಲ, ಬೇಡ ಅನ್ನುವುದಕ್ಕೂ ಬಾಯಿಲ್ಲ.

ಗಾಡಿ ಇಪ್ಪತ್ತು ನಿಮಿಷ ತಡ ಎಂದು ಈಗ ಕೂಗಿದರು. ಇನ್ನೂ ತಡವಾಗಲಿ ಅನ್ನಿಸುತ್ತಿದೆ. ಫ್ಲಾಸ್ಕಿನಲ್ಲಿ ಬಿಸಿ ಸಾರು ಇದೆ. ಓದಿ ಮುಗಿಸಿದ ಮೇಲೆ ನೀನು ಕುಡಿಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಸುಮ್ಮನೆ ಮಾತ್ರ ಕೂರಬೇಡ. ಬೈ. ಆದರೆ ನಮ್ಮ ಭಾಷೆಯಲ್ಲೇ ಬೈ ಮಗನೇ. ನಿನ್ನ ಭಾಷೆಯಲ್ಲಿ ಬೈದರೆ ನನಗೆ ತಿಳಿಯುವುದಿಲ್ಲ, ಯಾರನ್ನು ಕೇಳಿ ತಿಳಿದುಕೊಳ್ಳಲಿ, ಯಾವ ಪುಸ್ತಕದಲ್ಲಿ ನೋಡಲಿ.

ಗೇನ್ಯಾ